ವೈಸ್ ಆರಿಸುತ್ತಿದ್ದ ನಜೀರ್ ಅಹಮದ್

ಮಹಾಲಿಂಗಯ್ಯನವರು ತುಮಕೂರಿನ ಬಟವಾಡಿಯಲ್ಲಿ ಶೆಡ್ಡು ಹಾಕಿ ಕಬ್ಬಿಣ ಕೆತ್ತುವ ಮಿಲ್ಲಿಂಗ್ ಮೆಷಿನ್ ತಂದದ್ದು ತೊಂಬತ್ತೊಂದರಲ್ಲಿ. ಹಳೆಯ ಮೆಷಿನ್ನು, ಆದರೆ ಗಟ್ಟಿ. ಅದರ ಜೊತೆಗೆ ವೈಸ್ ಬಂದಿರಲಿಲ್ಲ. ಮೆಷಿನ್ನಿನ ಮೇಜಿನ ಮೇಲೆ ಕೂತು, ಕೆತ್ತಬೇಕಾದ ಕಬ್ಬಿಣದ ತುಂಡನ್ನು ಎರಡು ದವಡೆಗಳ ಮಧ್ಯೆ ಅಲುಗದ ಹಾಗೆ ಕಚ್ಚಿ ಹಿಡಿಯುವುದು ವೈಸಿನ ಕೆಲಸ. ಅದು ಸರಿಯಿಲ್ಲದಿದ್ದರೆ ಮೆಷಿನ್ ಎಷ್ಟೇ ಚೆನ್ನಾಗಿದ್ದರೂ ಕೆತ್ತಿದ್ದೆಲ್ಲ ಸೊಟ್ಟ.

ಕುಣಿಗಲ್ ರಸ್ತೆಯಲ್ಲಿ ಮುಚ್ಚಿಹೋದ ಒಂದು ಸಣ್ಣ ಕಾರ್ಖಾನೆಯ ಸಾಮಾನು ಮಾರುತ್ತಿದ್ದಾರೆಂದು ಸುದ್ದಿ ಬಂತು. ಮಹಾಲಿಂಗಯ್ಯನವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ನಜೀರ್ ಅಹಮದರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ನಜೀರ್ ಸಾಬರು ಗುಬ್ಬಿಯವರು, ನಮ್ಮ ಬೀದಿಯವರೇ. ಅವರ ತಂದೆ ಸಂತೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು. ಬೀಗದೊಳಗೆ ಕಣ್ಣು ಹೋಗುವುದಿಲ್ಲ, ಬೆರಳೇ ಹೋಗಬೇಕು. ಆ ಬೆರಳು ಮಗನಿಗೂ ಬಂದಿತ್ತು.

ಕಾರ್ಖಾನೆಯ ಅಂಗಳದಲ್ಲಿ ವೈಸ್‌ಗಳನ್ನು ಸಾಲಾಗಿ ಇಟ್ಟಿದ್ದರು. ಒಂದಕ್ಕೆ ಹಸಿರು ಬಣ್ಣ ಹೊಡೆದು ಮದುವೆಗೆ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದರು. ಮಹಾಲಿಂಗಯ್ಯನವರು ನೇರ ಅದರ ಹತ್ತಿರ ಹೋದರು.

"ಇದು ನೋಡೋ ನಜೀರ, ಹೊಸದರ ಹಂಗೇ ಐತೆ."

ನಜೀರ್ ಸಾಬರು ಅದರ ಹಿಡಿಕೆಯ ತುದಿ ನೋಡಿದರು. ಸುತ್ತಿಗೆಯ ಏಟು ಬಿದ್ದು ಬಿದ್ದು ಅಣಬೆಯ ಹಾಗೆ ಅರಳಿತ್ತು. "ಇದನ್ನ ಹೊಡೆದು ಹೊಡೆದು ಬಿಗಿ ಮಾಡವ್ರೆ ಯಜಮಾನ್ರೆ. ಒಳಗಿನ ಸ್ಕ್ರೂ ಸತ್ತೋಗಿರ್ತದೆ," ಎಂದರು. ಆಮೇಲೆ ಒಂದೊಂದನ್ನೂ ಪರೀಕ್ಷೆ ಮಾಡಿದರು. ಜೇಬಿನಿಂದ ಹಿತ್ತಾಳೆಯ ತುಂಡೊಂದನ್ನು ತೆಗೆದು, ದವಡೆಗಳ ಮಧ್ಯದ ವೈಸಿನ ನೆಲದ ಮೇಲೆ ಪೇಪರ್ ಪಟ್ಟಿ ಹಾಕಿ, ಅದರ ಮೇಲೆ ತುಂಡನ್ನಿಟ್ಟು ದವಡೆ ಬಿಗಿದು, ಪೇಪರ್ ಎಳೆದು ನೋಡುವುದು. ಪೇಪರ್ ಜಾರಿ ಬಂದರೆ ಬಿಗಿಯುವಾಗ ದವಡೆ ತುಂಡನ್ನು ಮೇಲೆತ್ತುತ್ತಿದೆ ಎಂದರ್ಥ. ಹಸಿರು ವೈಸಿನಲ್ಲಿ ಪೇಪರ್ ಸಲೀಸಾಗಿ ಬಂತು. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ, ಯಾರೂ ನೋಡದ ಒಂದು ದಪ್ಪ ವೈಸಿನಲ್ಲಿ ಪೇಪರ್ ಹರಿಯಿತೇ ಹೊರತು ಬರಲಿಲ್ಲ. ನಜೀರ್ ಸಾಬರು ಕುಕ್ಕರಗಾಲಲ್ಲಿ ಕೂತು, ಕಣ್ಣು ಬೇರೆಲ್ಲೋ ಇಟ್ಟು, ಬೆರಳನ್ನು ಅದರ ದವಡೆಯ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದರು.

"ಇದು. ತುಕ್ಕು ಮೇಲೆ ಮೇಲೆ ಮಾತ್ರ."

ವಾಪಸು ಬರುವಾಗ ವೈಸು ಇಬ್ಬರ ಮಧ್ಯೆ ಸ್ಕೂಟರಿನ ಸೀಟಿನ ಮೇಲೆ ಗೋಣಿಚೀಲದಲ್ಲಿ ಕೂತಿತ್ತು. ಆ ಪ್ರಯಾಣವನ್ನು ನಜೀರ್ ಸಾಬರು ಎಷ್ಟೋ ಸಲ ನನಗೆ ಹೇಳಿದ್ದಾರೆ. ಹೆಬ್ಬೂರಿನ ಹತ್ತಿರ ಮಹಾಲಿಂಗಯ್ಯನವರು ಗಾಡಿ ನಿಲ್ಲಿಸಿ ಎಳನೀರು ಕುಡಿಸಿದರಂತೆ. "ಇವತ್ತಿಂದ ಆ ಮೆಷಿನ್ ನಿಂದು ಕಣೋ," ಅಂದರಂತೆ. ಅವರ ಬದುಕಿನಲ್ಲಿ ಅಂಥ ಮಾತು ಅದಕ್ಕೆ ಮೊದಲೂ ಯಾರೂ ಹೇಳಿರಲಿಲ್ಲ, ಆಮೇಲೂ ಯಾರೂ ಹೇಳಲಿಲ್ಲ.

ದಿನಾ ಬೆಳಿಗ್ಗೆ ಗುಬ್ಬಿಯಿಂದ ಪ್ಯಾಸೆಂಜರ್ ರೈಲಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಬರುವುದು. ಶೆಡ್ಡಿನಲ್ಲಿ ಅವರ ಕೆಲಸ ಶುರುವಾಗುತ್ತಿದ್ದುದೂ ಮುಗಿಯುತ್ತಿದ್ದುದೂ ವೈಸಿನಿಂದ. ಅದರ ಹಿಡಿಕೆಗೆ ಪೈಪ್ ಸಿಕ್ಕಿಸಿ ಬಿಗಿಯಲು ಯಾರನ್ನೂ ಬಿಡುತ್ತಿರಲಿಲ್ಲ. ಅದರ ಮೇಲೆ ಕೂರಿಸಿದ ತುಂಡನ್ನು ತಾಮ್ರದ ಸುತ್ತಿಗೆಯಿಂದಲೇ ತಟ್ಟಬೇಕು, ಉಕ್ಕಿನ ಸುತ್ತಿಗೆ ಆ ಮೇಜಿನ ಹತ್ತಿರ ಬರಕೂಡದು. ಗಾಳಿಯ ಪೈಪಿನಿಂದ ಊದಿದರೆ ಕಬ್ಬಿಣದ ಚೂರುಗಳು ಸ್ಕ್ರೂ ಒಳಗೆ ನುಗ್ಗುತ್ತವೆಂದು ಬ್ರಷ್‌ನಲ್ಲೇ ಗುಡಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಇಡೀ ವೈಸನ್ನು ಮೇಜಿನಿಂದ ಇಳಿಸಿ, ತಳವನ್ನು ಎಣ್ಣೆಗಲ್ಲಿನಿಂದ ಸವರಿ, ಸ್ಕ್ರೂ ಬಿಚ್ಚಿ ತೊಳೆದು, ತೆಳ್ಳಗೆ ಎಣ್ಣೆ ಹಚ್ಚಿ, ಮತ್ತೆ ಕೂರಿಸಿ, ಕೂದಲೆಳೆಯಷ್ಟು ಓರೆಯನ್ನೂ ತೋರಿಸುವ ಡಯಲ್ ಗೇಜಿನ ಮುಳ್ಳು ಅಲುಗದ ತನಕ ನೇರ ಮಾಡುತ್ತಿದ್ದರು.

ಎಲ್ಲಕ್ಕಿಂತ ಮುಖ್ಯ ಬೆರಳು. ಪ್ರತಿಯೊಂದು ತುಂಡನ್ನು ಇಡುವ ಮುಂಚೆ ವೈಸಿನ ನೆಲವನ್ನು ಬಟ್ಟೆಯಲ್ಲಿ ಒರೆಸಿ, ಕೊನೆಗೆ ಬೆರಳಲ್ಲಿ ಸವರಬೇಕು. ಕೂದಲಿನಷ್ಟು ಚೂರು ಉಳಿದಿದ್ದರೂ ತುಂಡು ವಾಲುತ್ತದೆ. ತುಂಡನ್ನು ಬಿಗಿದ ಮೇಲೆ, ಅದರ ಅಡಿಗೆ ಇಟ್ಟ ಎರಡು ಉಕ್ಕಿನ ಪಟ್ಟಿಗಳನ್ನು ಬೆರಳ ತುದಿಯಿಂದ ನೂಕಿ ನೋಡಬೇಕು. ಎರಡೂ ಅಲುಗದಿದ್ದರೆ ಸರಿ. ಒಂದು ಎಷ್ಟೇ ಸ್ವಲ್ಪ ಅಲುಗಿದರೂ ಬಿಚ್ಚಿ ಮತ್ತೆ ಇಡಬೇಕು. ಇದನ್ನು ಅವರು ರೇಣುಕಾಪ್ರಸಾದನಿಗೂ ಕಲಿಸಿದರು.

ರೇಣುಕಾಪ್ರಸಾದ ಅಮೃತೂರು ಕಡೆಯವನು, ಎರಡನೇ ಪಾಳಿಗೆ ಅದೇ ಮೆಷಿನ್ ನಡೆಸುತ್ತಿದ್ದ. ಮಹಾಲಿಂಗಯ್ಯನವರಿಗೆ ದೂರದ ನೆಂಟ. ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ದೀಪಿಕಾ ಜೊತೆ ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದ. ನಜೀರಣ್ಣ ನಜೀರಣ್ಣ ಎಂದು ಹಿಂದೆ ಮುಂದೆ ಓಡಾಡುತ್ತಿದ್ದ. ರಂಜಾನ್ ತಿಂಗಳಲ್ಲಿ ನಜೀರ್ ಸಾಬರು ಉಪವಾಸ ಬಿಡುವ ಹೊತ್ತಿಗೆ ಮನೆ ಸೇರುವ ರೈಲು ಸಿಗಲೆಂದು ತಾನೇ ಬೇಗ ಬಂದು ಮೆಷಿನ್ ಹಿಡಿಯುತ್ತಿದ್ದ.

ಬೆಂಗಳೂರಿನ ಒಂದು ಪಂಪ್ ಕಂಪನಿಗೆ ಬ್ರಾಕೆಟ್ ಮಾಡಿಕೊಡುವ ಕೆಲಸ ಸಿಕ್ಕಿತ್ತು. ಐದಾರು ವರ್ಷ ಚೆನ್ನಾಗಿ ನಡೆಯಿತು. ನಜೀರ್ ಸಾಬರು ಗುಬ್ಬಿಯ ಮನೆಗೆ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದರು. ಮಗಳು ಅಸ್ಫಿಯಾ ಹೈಸ್ಕೂಲಿಗೆ ಬಂದಳು.

ತೊಂಬತ್ತೇಳರ ಬೇಸಿಗೆಯಲ್ಲಿ ಒಂದು ದಿನ ಕಟರ್‌ನಿಂದ ಹಾರಿದ ಬಿಸಿ ಚೂರೊಂದು ನಜೀರ್ ಸಾಬರ ಬಲಗೈ ಕಿರುಬೆರಳಿನ ಮೇಲೆ ಬಿದ್ದು ಅಂಟಿಕೊಂಡಿತು. ನೀಲಿಯಾಗಿ ಕಾದ ಚೂರು. ಅವರಿಗೆ ಮೊದಲು ಗೊತ್ತಾದದ್ದು ವಾಸನೆ. ಯಾರದೋ ಚರ್ಮ ಸುಡುತ್ತಿದೆಯಲ್ಲ ಎಂದು ಸುತ್ತ ನೋಡಿ, ಆಮೇಲೆ ತಮ್ಮ ಕೈ ನೋಡಿಕೊಂಡರು. ಚೂರನ್ನು ಕೊಡವಿದರು. ನೋವಿರಲಿಲ್ಲ.

ಮನೆಯಲ್ಲಿ ಹೆಂಡತಿ ಹಜರಾ ಬೀ ಗಾಯ ನೋಡಿ ಗಾಬರಿಯಾದರು. ಮನೆಯೊಳಗೆ ಅವರ ಮಾತು ಉರ್ದು. ಅದನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತಿದ್ದೇನೆ.

"ಇಷ್ಟು ಸುಟ್ಟಿದೆ, ಕೂಗ್ಲಿಲ್ವಾ ನೀವು?"

"ಕೆಲ್ಸ ಮಾಡಿ ಮಾಡಿ ಚರ್ಮ ಒರಟಾಗಿದೆ ಕಣೇ. ಕಬ್ಬಿಣದವ್ರ ಕೈ ಹಿಂಗೇ."

ಅವರಿಗೆ ಅದು ಸುಳ್ಳೆಂದು ಆಗಲೇ ಗೊತ್ತಿತ್ತು. ಚರ್ಮ ಒರಟಾದರೂ ಬೆರಳಿಗೆ ಕಬ್ಬಿಣ ತಿಳಿಯುತ್ತದೆ. ಕಿರುಬೆರಳು, ಅದರ ಪಕ್ಕದ್ದು, ಆಮೇಲೆ ಮೆಲ್ಲಗೆ ಉಳಿದವು, ಎಲ್ಲವೂ ಬೇರೆ ಯಾರದೋ ಬೆರಳುಗಳಾಗುತ್ತಿದ್ದವು. ಬೆನ್ನಿನ ಮೇಲೆ ಬಿಳಚಿಕೊಂಡ ಒಂದು ಮಚ್ಚೆಯನ್ನು ಹಜರಾ ಬೀ ಬಿಸಿಲಿನ ಗುರುತು ಎಂದುಕೊಂಡಿದ್ದರು.

ವೈಸಿನ ನೆಲ ಸವರಿದರೆ ಎಲ್ಲವೂ ನುಣ್ಣಗೆ. ಚೂರಿದ್ದರೂ ನುಣ್ಣಗೆ, ಇಲ್ಲದಿದ್ದರೂ ನುಣ್ಣಗೆ. ಪಟ್ಟಿಯನ್ನು ನೂಕಿದರೆ ಅಲುಗಿತೋ ಇಲ್ಲವೋ ಬೆರಳು ಹೇಳುವುದಿಲ್ಲ. ನಜೀರ್ ಸಾಬರು ಎಡಗೈ ಬಳಸಿ ನೋಡಿದರು. ಪ್ರತಿ ತುಂಡಿಗೂ ಪೇಪರ್ ಪಟ್ಟಿ ಹಾಕಿ ಎಳೆದು ನೋಡಿದರು. ಕೆಲಸ ಅರ್ಧಕ್ಕೆ ಇಳಿಯಿತು. "ಯಾಕೋ ನಜೀರ, ಸಾಮಾನು ಹೊರಗೇ ಬರ್ತಾ ಇಲ್ಲ?" ಎಂದು ಮಹಾಲಿಂಗಯ್ಯನವರು ಕೇಳಿದ ಮೇಲೆ ಪೇಪರ್ ಬಿಟ್ಟರು. ಅಂದಾಜಿನ ಮೇಲೆ ನಡೆಸಿದರು.

ಕಂಪನಿಯಿಂದ ಬ್ರಾಕೆಟ್‌ಗಳು ವಾಪಸು ಬರತೊಡಗಿದವು. ಒಂದು ಮುಖ ಇನ್ನೊಂದಕ್ಕೆ ಸಮ ಇಲ್ಲ, ವಾಲಿದೆ ಎಂದು. ಮಹಾಲಿಂಗಯ್ಯನವರು ಇಬ್ಬರನ್ನೂ ನಿಲ್ಲಿಸಿಕೊಂಡು ಕೇಳಿದರು.

"ಏನ್ರಪ್ಪಾ ಇದು? ಮೆಷಿನ್ ಹೋಯ್ತಾ, ವೈಸ್ ಹೋಯ್ತಾ?"

ರೇಣುಕಾಪ್ರಸಾದ ಬಾಯಿ ತೆರೆಯುವುದರೊಳಗೆ ನಜೀರ್ ಸಾಬರು ಅಂದರು: "ವೈಸು ಸವೆದಿದೆ ಯಜಮಾನ್ರೆ. ವಯಸ್ಸಾಯ್ತು ಅದಕ್ಕೆ."

ರೇಣುಕಾಪ್ರಸಾದ ಅವರ ಮುಖ ನೋಡಿದ. "ಮೊನ್ನೆ ಶನಿವಾರ ನಾವಿಬ್ರೇ ಅಲ್ವಾ ಅಣ್ಣ ಡಯಲ್ ಇಟ್ಟು ನೋಡಿದ್ದು? ಮುಳ್ಳೇ ಆಡ್ಲಿಲ್ಲ."

"ಖಾಲಿ ಇದ್ದಾಗ ಆಡಲ್ಲ. ಬಿಗಿ ಮಾಡ್ದಾಗ ಎತ್ತುತ್ತೆ," ಎಂದರು ನಜೀರ್ ಸಾಬರು. ಆ ವೈಸು ಎತ್ತುವುದಿಲ್ಲವೆಂದು ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಹೊಸ ವೈಸ್ ತರಲು ಮಹಾಲಿಂಗಯ್ಯನವರೂ ನಜೀರ್ ಸಾಬರೂ ಬೆಂಗಳೂರಿಗೆ ಹೋದರು, ಮತ್ತೆ ಅವರಿಬ್ಬರೇ. ಅಂಗಡಿಯಲ್ಲಿ ಬೇಕಾದಷ್ಟು ತರಹ ಇದ್ದವು. ಎರಕದ್ದು, ಉಕ್ಕಿನದು, ತಿರುಗುವ ತಳದ್ದು, ತಿರುಗದ್ದು. ಅಂಗಡಿಯವನು ಒಂದೊಂದರ ಗುಣ ಹೇಳುತ್ತಿದ್ದ. ಮಹಾಲಿಂಗಯ್ಯನವರು ಅವನನ್ನು ತಡೆದು, "ನೀನ್ ಸುಮ್ಕಿರಪ್ಪ, ನಮ್ಮೋನು ಮುಟ್ಟಿ ಹೇಳ್ತಾನೆ," ಎಂದು ಹೆಮ್ಮೆಯಿಂದ ಪಕ್ಕಕ್ಕೆ ಸರಿದು ನಿಂತರು. ನಜೀರ್ ಸಾಬರು ಕುಕ್ಕರಗಾಲಲ್ಲಿ ಕೂತರು. ಬೆರಳನ್ನು ದವಡೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದರು. ಮೊದಲು ಮಾಡುತ್ತಿದ್ದ ಹಾಗೆಯೇ ಕಣ್ಣನ್ನು ಬೇರೆ ಕಡೆ ಇಟ್ಟುಕೊಂಡಿದ್ದರು. ಬೆರಳು ಗಾಳಿಯಲ್ಲಿ ಹೋದ ಹಾಗೆ ಹೋಯಿತು. ಎರಡನೆಯದನ್ನು ಸವರಿದರು, ಮೂರನೆಯದನ್ನೂ ಸವರಿದರು.

"ಇದು," ಎಂದರು, ಸುಮ್ಮನೆ ಬಾಯಿಗೆ ಬಂದ ಹಾಗೆ.

"ನೋಡ್ದೇನಪ್ಪಾ?" ಎಂದರು ಮಹಾಲಿಂಗಯ್ಯನವರು ಅಂಗಡಿಯವನಿಗೆ.

"ಅವತ್ತು ಆ ಅಂಗಡೀಲಿ ನೆಲ ಬಾಯಿ ಬಿಟ್ಟಿದ್ರೆ ಇಳ್ದೋಗ್ತಿದ್ದೆ," ಎಂದು ನಜೀರ್ ಸಾಬರು ನನಗೆ ಹೇಳಿದ್ದುಂಟು. "ಬೈದಿದ್ರೆ ಪರವಾಗಿರ್ಲಿಲ್ಲ. ನನ್ನ ನಂಬಿ ಪಕ್ಕಕ್ಕೆ ನಿಂತ್ಕೊಂಡ್ರಲ್ಲ."

ಹಳೆಯ ವೈಸು ಗುಜರಿಯವನ ಗಾಡಿಗೆ ಹೋಯಿತು. ರೇಣುಕಾಪ್ರಸಾದ ಅದನ್ನು ಇಟ್ಟುಕೊಳ್ಳೋಣ, ಡ್ರಿಲ್ಲಿಂಗ್ ಮೆಷಿನ್ನಿಗಾದರೂ ಆಗುತ್ತದೆ ಎಂದು ಬೇಡಿಕೊಂಡ. ನಜೀರ್ ಸಾಬರು ಬೇಡವೆಂದರು. ಅದು ಕಣ್ಣೆದುರಿಗೆ ಇರುವುದು ಅವರಿಂದ ಆಗುತ್ತಿರಲಿಲ್ಲ.

ಹೊಸ ವೈಸು ಒಳ್ಳೆಯದೇ ಆಗಿತ್ತು. ಬ್ರಾಕೆಟ್‌ಗಳು ಮಾತ್ರ ವಾಪಸು ಬರುತ್ತಲೇ ಇದ್ದವು. ಈ ಸಲ ಮಹಾಲಿಂಗಯ್ಯನವರು ನಜೀರ್ ಸಾಬರೊಬ್ಬರನ್ನೇ ಕರೆದು ಕೂರಿಸಿಕೊಂಡರು. ಅವರ ಧ್ವನಿ ತಗ್ಗಿತ್ತು.

"ಮೆಷಿನ್ ಸರಿ ಐತೆ, ವೈಸ್ ಹೊಸದು. ಇನ್ನು ಕೈದೇ ತಪ್ಪು. ನಿನ್ ಕೈ ನಂಗೊತ್ತು. ನೆಂಟ ಅಂತ ಮುಲಾಜು ನೋಡ್ಬೇಡ, ನಿಜ ಹೇಳು. ಅವನೇನಾ?"

ನಜೀರ್ ಸಾಬರಿಗೆ ಅವನಲ್ಲ ಎನ್ನಬೇಕಿತ್ತು. ಹಾಗೆಂದರೆ ಮುಂದಿನ ಪ್ರಶ್ನೆ ಮತ್ಯಾರು ಎಂಬುದು. ಮಗಳು ಹತ್ತನೇ ಕ್ಲಾಸು. ಕೈ ಬೇರೆ ದಿನದಿನಕ್ಕೆ ಮಡಚಿಕೊಳ್ಳುತ್ತಿದೆ. ಅವರು ಬಾಗಿಲ ಕಡೆ ನೋಡುತ್ತ ಅಂದರು:

"ಒಳ್ಳೆ ಕೆಲ್ಸಗಾರ ಯಜಮಾನ್ರೆ. ಸ್ವಲ್ಪ ಅವಸರ ಜಾಸ್ತಿ."

ಅಷ್ಟು ಸಾಕಾಯಿತು. ವಾರದೊಳಗೆ ರೇಣುಕಾಪ್ರಸಾದನನ್ನು ಬಿಡಿಸಿದರು. ನೆಂಟನೆಂಬ ಕಾರಣಕ್ಕೆ ಮಹಾಲಿಂಗಯ್ಯನವರಿಗೆ ಕೋಪ ಇನ್ನೂ ಹೆಚ್ಚಾಗಿತ್ತು. ಹೋಗುವ ದಿನ ಅವನು ನಜೀರ್ ಸಾಬರ ಹತ್ತಿರ ಬಂದು, "ನೀವಾದ್ರೂ ಒಂದ್ ಮಾತ್ ಹೇಳಿ ಅಣ್ಣ, ನಾನು ಪಟ್ಟಿ ನೂಕಿ ನೋಡ್ದೆ ಒಂದ್ ಪೀಸೂ ಹಾಕಿಲ್ಲ," ಎಂದ. ನಜೀರ್ ಸಾಬರು ವೈಸ್ ಒರೆಸುತ್ತಲೇ ಇದ್ದರು. ಅವನು ಟಿಫನ್ ಕ್ಯಾರಿಯರ್ ಎತ್ತಿಕೊಂಡು ಹೊರಟುಹೋದ.

ಅವನು ಹೋದ ಮೇಲೆ ವಾಪಸು ಬರುವ ಸಾಮಾನು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮಹಾಲಿಂಗಯ್ಯನವರು ದಿಕ್ಕು ತೋಚದೆ ದಿನಾ ಮೆಷಿನ್ ಪಕ್ಕ ಬಂದು ನಿಲ್ಲತೊಡಗಿದರು. ತೊಂಬತ್ತೆಂಟರ ಕೊನೆಯಲ್ಲಿ ಒಂದು ಬೆಳಿಗ್ಗೆ ಹಾಗೆ ನಿಂತಿದ್ದಾಗ ನಜೀರ್ ಸಾಬರು ಬ್ರಾಕೆಟ್ ಇಟ್ಟು, ಎಡಗೈಯಲ್ಲಿ ಹಿಡಿಕೆ ತಿರುಗಿಸಿ ಬಿಗಿದರು. ಸಾಲದೆಂದು ಮೈಭಾರ ಹಾಕಿ ಇನ್ನೊಂದು ಸುತ್ತು ಬಿಗಿದರು. ದವಡೆಯ ಸಂದಿನಿಂದ ಕೆಂಪಗೆ ಏನೋ ಇಳಿಯಿತು.

"ನಜೀರ! ಕೈ! ಲೇ, ಕೈ ನೋಡೋ!"

ನಜೀರ್ ಸಾಬರು ನೋಡಿದರು. ಬಲಗೈಯ ಎರಡು ಬೆರಳುಗಳ ತುದಿ ಬ್ರಾಕೆಟ್ಟಿಗೂ ದವಡೆಗೂ ಮಧ್ಯೆ ಸಿಕ್ಕಿಕೊಂಡಿದ್ದವು. ತಾವೇ ಬಿಗಿದಿದ್ದರು. ಅವರು ಕೂಗಲಿಲ್ಲ, ಮುಖ ಕೂಡ ಕಿವುಚಲಿಲ್ಲ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ ಕೈ ತೆಗೆದು, ಬಟ್ಟೆಯಿಂದ ಮೊದಲು ವೈಸನ್ನು ಒರೆಸಿದರು.

ಅವರು ನೋವಿಲ್ಲದೆ ನಿಂತದ್ದನ್ನು ಮಹಾಲಿಂಗಯ್ಯನವರು ನೋಡಿದರು. ಒಂದೇ ನೋಟಕ್ಕೆ ಎಲ್ಲ ತಿಳಿದುಹೋಯಿತು. "ಯಾವಾಗಿಂದ?" ಎಂದು ಮಾತ್ರ ಕೇಳಿದರು. ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ದಾರಿಯಲ್ಲಿ ನಜೀರ್ ಸಾಬರು ಬಾಯಿಬಿಟ್ಟರು.

"ಪ್ರಸಾದಂದು ತಪ್ಪಿಲ್ಲ ಯಜಮಾನ್ರೆ."

ಮಹಾಲಿಂಗಯ್ಯನವರು ರಸ್ತೆ ನೋಡುತ್ತಾ ಕೂತಿದ್ದರು. ಆಸ್ಪತ್ರೆ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಡಾಕ್ಟರು ಹೊಲಿಗೆ ಹಾಕುವ ಮುಂಚೆ ಅವರ ಮೊಣಕೈ ಹಿಂದಿನ ನರ ಮುಟ್ಟಿ ನೋಡಿದರು. ಹಗ್ಗದ ಹಾಗೆ ದಪ್ಪಗಾಗಿತ್ತು. ಷರಟು ಬಿಚ್ಚಿಸಿ ಬೆನ್ನು ನೋಡಿದರು. ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟಿ, ಎಲ್ಲಿ ಮುಟ್ಟಿದೆ ತೋರಿಸಿ ಎಂದರು. ನಜೀರ್ ಸಾಬರು ಎಲ್ಲೆಲ್ಲೋ ತೋರಿಸಿದರು. ಡಾಕ್ಟರು ಮರೆಮಾಚದೆ ಹೇಳಿದರು. ಇದು ಕುಷ್ಠ. ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ. ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಅಂಟುವುದಿಲ್ಲ. ಆದರೆ ಸತ್ತ ನರ ಮತ್ತೆ ಬರುವುದಿಲ್ಲ, ಮೊದಲೇ ಬಂದಿದ್ದರೆ ಕೈ ಉಳಿಯುತ್ತಿತ್ತು.

ಮಹಾಲಿಂಗಯ್ಯನವರು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಅವರು ಒಳ್ಳೆಯ ಮನುಷ್ಯ, ದಿನಾ ವಿಭೂತಿ ಇಟ್ಟು ಲಿಂಗಪೂಜೆ ಮಾಡದೆ ನೀರು ಮುಟ್ಟದವರು, ಸಿದ್ಧಗಂಗೆಗೆ ನಡೆದುಕೊಂಡವರು. ಗಾಯಕ್ಕೆ ಬ್ಯಾಂಡೇಜ್ ಕಟ್ಟಿಸಿ, ರೈಲ್ವೆ ಸ್ಟೇಷನ್ನಿನ ತನಕ ಕರೆದುಕೊಂಡು ಬಂದರು. ಅಲ್ಲಿ, "ವಾಸಿ ಮಾಡ್ಕೊಂಡ್ ಬಾರಪ್ಪ," ಎಂದರು. ಭುಜದ ಮೇಲೆ ಕೈ ಇಡಲು ಎತ್ತಿದವರು, ಅಲ್ಲಿಂದಲೇ ಆ ಕೈಯಲ್ಲಿ ಆಟೋವನ್ನು ಕರೆದರು.

ಆ ಕಾಯಿಲೆಯ ಹೆಸರನ್ನು ನಜೀರ್ ಸಾಬರು ಮನೆಯಲ್ಲಿ ಹೇಳಿದ ದಿನ ಹಜರಾ ಬೀ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ಅತ್ತು ಮುಗಿದ ಮೇಲೆ ಅವರು ಕೇಳಿದ ಮೊದಲ ಮಾತು, "ಅಸ್ಫಿಯಾಗೆ ಯಾರು ಬರ್ತಾರೆ ಇನ್ನು?" ಎಂದು.

ಮಾತ್ರೆ ತಂದುಕೊಡುತ್ತಿದ್ದವರು ಆರೋಗ್ಯ ಇಲಾಖೆಯ ಶಕುಂತಲಮ್ಮ. ತಿಂಗಳಿಗೊಂದು ಸಲ ಬಂದು, ಎದುರಿಗೇ ಮೊದಲ ಮಾತ್ರೆ ನುಂಗಿಸಿ ಹೋಗುತ್ತಿದ್ದರು. ಮಾತ್ರೆಗೆ ಮೈ ಕಪ್ಪಿಟ್ಟಿತು. ಮೊದಲು ಯಾರಿಗೂ ಗೊತ್ತಿಲ್ಲದ್ದು ಆ ಬಣ್ಣದಿಂದಲೇ ಬೀದಿಗೆಲ್ಲ ಗೊತ್ತಾಯಿತು. ಶುಕ್ರವಾರದ ನಮಾಜಿಗೆ ಹೋದರೆ, ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾದ ಸಾಲಿನಲ್ಲಿ ಅವರ ಎರಡೂ ಪಕ್ಕ ಒಂದೊಂದು ಆಳಿನಷ್ಟು ಜಾಗ ಬಿಡುತ್ತಿದ್ದರು. ಇಮಾಮರು ಸಾಲು ಕೂಡಿಸಿ ಎಂದು ಹಿಂತಿರುಗಿ ಹೇಳುತ್ತಿದ್ದರು. ಎಲ್ಲರೂ ಕೂಡಿಕೊಳ್ಳುತ್ತಿದ್ದರು, ಆ ಜಾಗ ಹಾಗೇ ಉಳಿಯುತ್ತಿತ್ತು. ಆಮೇಲೆ ಅವರು ಮನೆಯಲ್ಲೇ ನಮಾಜು ಮಾಡಿದರು.

ಮಾತ್ರೆ ಮುಗಿಯುವ ಮುಂಚೆಯೇ ಒಂದು ದಿನ ಅವರು ಕುಣಿಗಲ್‌ಗೆ ಹೋಗಿ, ಅಲ್ಲಿಂದ ಖಾಸಗಿ ಬಸ್ಸಿನಲ್ಲಿ ಅಮೃತೂರಿಗೆ ಹೋದರು. ರೇಣುಕಾಪ್ರಸಾದನನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಮಂಡಿಯಲ್ಲಿ ಲಾರಿಗೆ ತೆಂಗಿನಕಾಯಿ ತುಂಬುತ್ತಿದ್ದ. ಇಳಿದುಹೋಗಿದ್ದ. ತುಮಕೂರಿನ ಯಾವ ವರ್ಕ್‌ಶಾಪಿಗೆ ಹೋದರೂ ಅದರ ಮಾಲೀಕರು ಮಹಾಲಿಂಗಯ್ಯನವರಿಗೆ ಫೋನ್ ಮಾಡಿ ಕೇಳುತ್ತಿದ್ದರಂತೆ, ಅಲ್ಲಿಂದ ಬಂದ ಉತ್ತರ ಕೇಳಿ ಬೇಡವೆನ್ನುತ್ತಿದ್ದರಂತೆ. ದೀಪಿಕಾ ಹೆರಿಗೆಗೆಂದು ಕುಣಿಗಲ್‌ನ ತವರಿಗೆ ಹೋದವಳು, ಕೆಲಸ ಸಿಗುವ ತನಕ ಬರುವುದಿಲ್ಲವೆಂದು ಅಲ್ಲೇ ಉಳಿದಿದ್ದಳು.

ನಜೀರ್ ಸಾಬರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಬೆರಳು, ಹಳೆಯ ವೈಸು, ಅವಸರ ಜಾಸ್ತಿ ಎಂದ ಮಾತು, ಯಾವುದನ್ನೂ ಬಿಡಲಿಲ್ಲ. ರೇಣುಕಾಪ್ರಸಾದ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ.

"ಆ ವೈಸು ಚೆನ್ನಾಗೇ ಇತ್ತು ಅಲ್ವಾ?" ಎಂದ.

"ಚೆನ್ನಾಗಿತ್ತು."

"ನಾನೇ ಹುಚ್ಚ ಅನ್ಕೊಂಡೆ. ಮನೆಗ್ ಹೋಗಿ ರಾತ್ರಿಯೆಲ್ಲ ಯೋಚ್ನೆ ಮಾಡೀನಿ, ಎಲ್ಲಿ ತಪ್ಪು ಮಾಡ್ದೆ ಅಂತ. ನಂಗೆ ಕೆಲ್ಸನೇ ಬರಲ್ವೇನೋ ಅನ್ಕೊಂಬಿಟ್ಟೆ ನಜೀರಣ್ಣ."

ನಜೀರ್ ಸಾಬರು ಕೈ ಮುಗಿಯಲು ಹೋದರು. ಮಡಚಿಕೊಂಡ ಬೆರಳುಗಳು ಸರಿಯಾಗಿ ಕೂಡಲಿಲ್ಲ. ಅವನು ಆ ಕೈಗಳನ್ನೇ ನೋಡಿದ. ಅವನ ಮುಖ ಒಂದು ಸಲ ಬಿರುಸಾಯಿತು, ಆಮೇಲೆ ಸಡಿಲವಾಯಿತು.

"ಯಜಮಾನ್ರಿಗೆ ಹೇಳಿದೀನಿ. ವಾಪಸ್ ಬಾ ಪ್ರಸಾದ. ಅವ್ರು ಬೇಡ ಅನ್ನಲ್ಲ."

"ನಾ ಬರಲ್ಲ. ಆ ಶೆಡ್ ಒಳಗೆ ಇನ್ನೊಂದ್ ಸಲ ಕಾಲಿಡಲ್ಲ." ಕೆಳಗಿಟ್ಟ ಕಾಯಿಯನ್ನು ಮತ್ತೆ ಎತ್ತಿಕೊಂಡು ಅಂದ: "ಹೋಗಿ ಅಣ್ಣ. ನಿಮ್ಮನ್ನ ಬೈಯಕ್ಕೂ ಆಗ್ತಿಲ್ಲ ನನ್ ಕೈಲಿ. ಅದೂ ಒಂದ್ ಉಳೀಲಿಲ್ಲ ನಂಗೆ."

ಅವನು ಲಾರಿಯ ಕಡೆ ತಿರುಗಿದ. ನಜೀರ್ ಸಾಬರು ಬಸ್ಸು ಬರುವ ತನಕ ನಿಲ್ದಾಣದಲ್ಲಿ ಕೂತಿದ್ದರು. ಬೆನ್ನ ಹಿಂದೆ ಕಾಯಿ ಎಣಿಸುವ ಧ್ವನಿ ಕೇಳಿಸುತ್ತಿತ್ತಂತೆ. ಕ್ಷಮಿಸಿದೆ ಎಂದೂ ಹೇಳಿಸಿಕೊಳ್ಳದೆ, ಬೈಸಿಕೊಳ್ಳದೆ ಬಂದೆ ಎಂದು ಅವರು ಹೇಳುತ್ತಿದ್ದರು. ಮಹಾಲಿಂಗಯ್ಯನವರೂ ಒಮ್ಮೆ ತಮ್ಮ ಹೆಂಡತಿ ಸರ್ವಮಂಗಳಮ್ಮನವರನ್ನು ಕರೆದುಕೊಂಡು ಅವನ ಮನೆಗೆ ಹೋಗಿ ಕರೆದರು. ಅವನು ಹೊರಗೇ ಬರಲಿಲ್ಲ.

ಮಾತ್ರೆ ಮುಗಿದು, ಕಾಯಿಲೆ ವಾಸಿಯಾಯಿತೆಂದು ಡಾಕ್ಟರು ಹೇಳಿದ ಮೇಲೆ ನಜೀರ್ ಸಾಬರು ಶೆಡ್ಡಿಗೆ ಹೋದರು. ಮೆಷಿನ್ ಮೇಲೆ ಹೊಸಬ ಒಬ್ಬ, ಕದರಯ್ಯ ಎಂಬವನು, ಕೆಲಸ ಮಾಡುತ್ತಿದ್ದ. ಮಹಾಲಿಂಗಯ್ಯನವರು ಗೇಟಿನ ಪಕ್ಕ ಕುರ್ಚಿ ಹಾಕಿಸಿದರು. ಅಲ್ಲಿ ಕೂತು ಬರುವ ಹೋಗುವ ಸಾಮಾನು ನೋಡಿಕೊಳ್ಳುವುದು ಇನ್ನು ನಜೀರ್ ಸಾಬರ ಕೆಲಸ.

"ಒಳಗೆ ಬರ್ಬೇಡ ಅಂತಲ್ಲ ನಜೀರ. ಉಳಿದೋರು ಒಂಥರಾ ಮಾಡ್ತಾರೆ. ಸ್ವಲ್ಪ ದಿನ ಹೋಗ್ಲಿ."

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಆಯುಧಪೂಜೆಗೆ ಮೆಷಿನ್ನಿಗೂ ವೈಸಿಗೂ ವಿಭೂತಿ ಹಚ್ಚಿ, ಹೂ ಹಾಕಿ, ಸರ್ವಮಂಗಳಮ್ಮ ಎಲ್ಲರಿಗೂ ಪುರಿ, ಸಿಹಿ ಕೊಟ್ಟರು. ಮೊದಲೆಲ್ಲ ಮೊದಲ ತಟ್ಟೆ ನಜೀರ್ ಸಾಬರದೇ ಇರುತ್ತಿತ್ತು. ಈ ಸಲ ಗೇಟಿನ ತನಕ ಬಂದು, ಪೇಪರ್ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು, "ಮನೇಗ್ ತಗೊಂಡ್ ಹೋಗಪ್ಪಾ," ಎಂದು ಹೋದರು. ದನಿಯಲ್ಲಿ ಮಮತೆಯೇ ಇತ್ತು.

ಕುರ್ಚಿಯಲ್ಲಿ ಕೂತರೆ ಒಳಗಿನ ಶಬ್ದ ಕೇಳಿಸುತ್ತಿತ್ತು. ಕದರಯ್ಯ ವೈಸಿನ ಹಿಡಿಕೆಗೆ ಪೈಪ್ ಸಿಕ್ಕಿಸಿ ಬಿಗಿಯುವುದು, ಉಕ್ಕಿನ ಸುತ್ತಿಗೆಯಲ್ಲಿ ಬಡಿಯುವುದು, ಗಾಳಿ ಊದುವುದು. ಒಂದು ದಿನ ತಡೆಯಲಾರದೆ ಒಳಗೆ ಹೋದರು.

"ಅದಕ್ಕೆ ಹಂಗ್ ಹೊಡೀಬಾರ್ದಪ್ಪ. ದವಡೆ ಕಿತ್ಕೊಂಡ್ ಹೋಗುತ್ತೆ. ಇಲ್ಲಿ ತಾಮ್ರದ ಸುತ್ತಿಗೆ ಇತ್ತಲ್ಲ…" ಎಂದು ಮೇಜಿನ ಮೇಲೆ ಕೈಯಿಟ್ಟರು.

"ಸಾಬ್ರೆ, ಮುಟ್ಬೇಡಿ. ದೂರ ನಿಂತ್ಕೊಂಡು ಹೇಳಿ, ಕೇಳ್ತೀನಿ." ಕದರಯ್ಯ ಕೆಟ್ಟವನಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದವು, ಹೆದರಿದ್ದ. ಅವರು ಕೈಯಿಟ್ಟ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ.

ಮಾರನೆಯ ದಿನದಿಂದ ನಜೀರ್ ಸಾಬರು ರೈಲು ಹತ್ತಲಿಲ್ಲ. ಮಹಾಲಿಂಗಯ್ಯನವರು ಹೇಳಿ ಕಳಿಸಲಿಲ್ಲ. ಕಂಪನಿ ಕೆಲಸ ಕೊಡುವುದನ್ನು ಬಿಟ್ಟ ಮೇಲೆ ಎರಡು ಸಾವಿರದ ಮೂರರಲ್ಲಿ ಶೆಡ್ಡು ಮುಚ್ಚಿತು.

ಅಸ್ಫಿಯಾಗೆ ಶಿರಾ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮಾತು ಮುಗಿದು ದಿನ ಗೊತ್ತುಮಾಡುವ ಹೊತ್ತಿಗೆ ಬೀದಿಯಲ್ಲಿ ಯಾರೋ ಅವರ ಕಿವಿಗೆ ಹಾಕಿದರು. ಆ ಕಡೆಯವರು ನೇರವಾಗಿ ಬೇಡವೆನ್ನಲಿಲ್ಲ, ಬರುವುದನ್ನು ನಿಲ್ಲಿಸಿದರು. ಅವರ ದಾರಿ ನೋಡುತ್ತಾ ಹಜರಾ ಬೀ ಮೂರು ಹಬ್ಬ ಕಳೆದರು. ಅಸ್ಫಿಯಾ ಹೊಲಿಗೆ ಕಲಿತು ಮನೆಯಲ್ಲೇ ಮೆಷಿನ್ ಇಟ್ಟುಕೊಂಡಳು. ಗಿರಾಕಿಗಳು ಬಟ್ಟೆಯನ್ನು ಬಾಗಿಲ ಹೊರಗೇ ಕೊಟ್ಟು, ಹೊರಗೇ ಇಸಿದುಕೊಂಡು ಹೋಗುತ್ತಿದ್ದರು. ಸಂಜೆ ಅವಳು ತಂದೆಯ ಕೈಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬೆರಳು ಬೆರಳಿನ ಸಂದು ನೋಡುತ್ತಿದ್ದಳು. ಗಾಯವಾದರೆ ಅವರಿಗೆ ತಿಳಿಯುವುದಿಲ್ಲ, ಇನ್ನೊಬ್ಬರು ನೋಡಿಯೇ ಹೇಳಬೇಕು.

"ನನ್ನಿಂದ ನಿನ್ ಬಾಳು ಹಿಂಗಾಯ್ತಮ್ಮ," ಎಂದರು ಒಂದು ದಿನ. ನಾನು ಜಗಲಿಯಲ್ಲಿದ್ದೆ.

ಅಸ್ಫಿಯಾ ಅಲ್ಲ ಎನ್ನಲಿಲ್ಲ. ಬಟ್ಟೆಯಿಂದ ಅವರ ಕೈ ಒರೆಸುತ್ತ, "ಈ ಬೆರಳು ಮತ್ತೆ ಒಡೆದಿದೆ ಅಬ್ಬಾ, ನಾಳೆ ಒಲೆ ಹತ್ರ ಹೋಗ್ಬೇಡಿ," ಎಂದಳು.

ಎರಡು ಸಾವಿರದ ಆರರಲ್ಲಿ ಶಕುಂತಲಮ್ಮ ಕೊನೆಯ ಸಲ ಬಂದರು. ಮಾತ್ರೆ ನಿಂತು ವರ್ಷಗಳಾಗಿದ್ದರೂ ಆ ಕಡೆ ಬಂದಾಗ ನಜೀರ್ ಸಾಬರ ಮನೆಗೆ ಬಂದು, ಚಾಪೆಯ ಮೇಲೆ ಕೂತು ಚಹಾ ಕುಡಿದು ಹೋಗುವುದು ಅವರ ರೂಢಿ. ಅವರಿಗೆ ಪಾವಗಡದ ಕಡೆ ವರ್ಗವಾಗಿತ್ತು.

"ಈಗ ಈ ಕಾಯಿಲೆ ಬಹಳ ಕಮ್ಮಿ ಆಗಿದೆ ಸಾಬ್ರೆ. ನಮ್ಮನ್ನೆಲ್ಲ ಬೇರೆ ಕೆಲ್ಸಕ್ಕೆ ಹಾಕ್ತಾ ಇದಾರೆ. ನೀವು ವಾಸಿಯಾಗಿ ಎಷ್ಟ್ ವರ್ಷ ಆಯ್ತು, ನಿಮಗೇನೂ ಇಲ್ಲ."

"ಏನೂ ಇಲ್ಲ ಅಮ್ಮ," ಎಂದರು ನಜೀರ್ ಸಾಬರು. "ನೀವೊಬ್ರು ಹೇಳ್ತೀರಿ."

ಶಕುಂತಲಮ್ಮ ಲೋಟ ಕೆಳಗಿಟ್ಟು, ಹೊರಡುವ ಮುಂಚೆ ಅವರ ಎರಡೂ ಕೈಗಳನ್ನು ಹಿಡಿದುಕೊಂಡರು. ನಜೀರ್ ಸಾಬರು ತಲೆ ತಗ್ಗಿಸಿ ಆ ಹಿಡಿತವನ್ನು ನೋಡುತ್ತಾ ಕೂತಿದ್ದರು. ಅವರಿಗೆ ಅದು ಕಾಣಿಸುತ್ತಿತ್ತು, ಅಷ್ಟೆ.

ಹಜರಾ ಬೀ ಶಕುಂತಲಮ್ಮನವರನ್ನು ಬೀದಿಯ ತುದಿಯವರೆಗೂ ಕಳಿಸಿ ಬಂದರು. ಆಮೇಲೆ ಆ ಮನೆಯಲ್ಲಿ ಹೊರಗಿನವರಿಗೆಂದು ಚಹಾ ಕಾಯಿಸಿದ್ದನ್ನು ನಾನು ಕಾಣೆ.